ಜೀಪಿನ ನಾಲ್ಕು ತೂತುಗಳು

ರಸ್ತೆಯಿಲ್ಲದ ಕಡೆಯಲ್ಲೂ ಓಡುವ ಗಾಡಿ ಎಂದು ಹೇಳಿ ಆ ಹಳೆಯ ಜೀಪನ್ನು ನನಗೆ ಮಾರಿದ್ದರು. ಬೆಂಗಳೂರಿನಂಚಿನ ಗುಂಡಿಗಳೂರು ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆಗಿರುವವಳಿಗೆ ಇನ್ನೆಂಥ ಗಾಡಿ ಬೇಕು? ಅದರ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪತ್ರ, ಮುಗಿಯುತ್ತಿತ್ತು. ಸೋಮವಾರ ಸಾರಿಗೆ ಕಚೇರಿಯಲ್ಲಿ ತಪಾಸಣೆ. ತಳ ತುಕ್ಕು ಹಿಡಿದಿದ್ದರೆ ಫೇಲು.

"ಎಫ್‌ಸಿ ಆಗ್ಲಿಲ್ಲ ಅಂದ್ರೆ ಗುಜರಿಗೆ ಆಕ್ಬಿಡವ್ವ," ಎಂದಿದ್ದರು ಮನೆ ಮಾಲೀಕರು. "ಆ ಜಾಗ್ದಲ್ಲಿ ನಾಕು ಸ್ಕೂಟ್ರು ನಿಲ್ತವೆ." ಅವರ ರಾಗಿ ಹೊಲದಲ್ಲಿ ಈಗ ಐದು ಅಂತಸ್ತು ಬೆಳೆದಿದೆ. ಖಾಲಿ ನೆಲ ಕಂಡರೆ ಅವರಿಗೆ ಸಂಕಟ.

ಎರಡು ವಾರಾಂತ್ಯ ತುಕ್ಕು ಉಜ್ಜಿ, ಪ್ರೈಮರ್ ಬಳಿದು, ಹಸಿರು ಬಣ್ಣ ಹಚ್ಚಿದೆ. ಹೆಣ್ಣೊಬ್ಬಳು ಬ್ರಶ್ ಹಿಡಿದು ಜೀಪಿನ ಮುಂದೆ ಕೂತರೆ ಬೀದಿಯ ಅಷ್ಟೂ ಗಂಡಸರಿಗೆ ಜ್ಞಾನೋದಯವಾಗುತ್ತದೆ. ಹಾಲಿಗೆ ಹೊರಟವರು ಥಿನ್ನರ್ ಜಾಸ್ತಿಯಾಯಿತು ಎಂದರು. ನಾಯಿ ಸುತ್ತಾಡಿಸಲು ಬಂದವರು ಕಡಿಮೆಯಾಯಿತು ಎಂದರು. ಇಬ್ಬರಿಗೂ ತಲೆಯಾಡಿಸಿದೆ. ತಲೆಯಾಡಿಸಿದರೆ ಜನ ಬೇಗ ಹೋಗುತ್ತಾರೆ.

ಮೂರನೇ ಮಹಡಿಯ ಟೆಕ್ಕಿ ಮಾತ್ರ ಹೋಗಲಿಲ್ಲ. ಭಾನುವಾರ ಕೊನೆಯ ಕೋಟ್ ಹೊತ್ತಿಗೆ ಮಾಲೀಕರನ್ನೂ ಕರೆತಂದು ಜೀಪಿನೊಳಗೆ ಬಗ್ಗಿದರು.

"ಮೇಡಂ, ಬೇಸಿಕ್ ಡಿಸೈನ್ ಪ್ರಾಬ್ಲಂ ಇದು. ಫ್ಲೋರಲ್ಲಿ ನಾಲ್ಕು ತೂತು. ಮಳೆ ನೀರು ಇಲ್ಲಿಂದಾನೇ ಬರೋದು."

"ಅವು ನೀರು ಹೊರಗೆ ಹೋಗೋಕೆ," ಎಂದೆ.

"ಓಗೋ ದಾರೀಲಿ ಬರಕ್ಕಿಲ್ವಾ?" ಮಾಲೀಕರು ಕೇಳಿದರು.

ಒಮ್ಮೆ ಹೇಳಿದ್ದಾಯಿತು ಎಂದುಕೊಂಡು ಸ್ನಾನಕ್ಕೆ ಮೇಲೆ ಹೋದೆ. ಇಳಿದು ಬಂದಾಗ ಬಾನೆಟ್ಟಿನ ಹಸಿ ಬಣ್ಣದ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ ಇತ್ತು. ಮಾಲೀಕರ ಆಶೀರ್ವಾದ. ಆ ಸಿಟ್ಟಿನಲ್ಲಿ ಒಳಗೆ ಇಣುಕಲಿಲ್ಲ. ಒಳಗೆ ಇಬ್ಬರೂ ಸೇರಿ ಪೈಪಿಗೆ ಮೆತ್ತುವ ಪುಟ್ಟಿಯಿಂದ ನಾಲ್ಕೂ ತೂತು ಮುಚ್ಚಿ, ಮೇಲೆ ರಬ್ಬರ್ ಮ್ಯಾಟ್ ಹಾಸಿದ್ದರು.

ಸಂಜೆ ಮಳೆ ಶುರುವಾಯಿತು. ಕ್ಯಾನ್ವಾಸ್ ಹೊದಿಕೆಯ ಹೊಲಿಗೆಗಳಿಗೆಲ್ಲ ಮೇಣ ಹಚ್ಚಿದ್ದೆ, ಒಂದನ್ನು ಬಿಟ್ಟು. ಆ ತಪ್ಪು ನನ್ನದೇ. ಬೆಳಿಗ್ಗೆ ಬಾಗಿಲು ತೆಗೆದರೆ ಬ್ರೇಕ್ ಪೆಡಲಿನ ಬುಡ ನೀರಿನಲ್ಲಿತ್ತು, ಮ್ಯಾಟ್ ತೇಲುತ್ತಿತ್ತು.

ಮಾಲೀಕರು ಬಂದು ಮೊದಲು ಗಾಡಿಯ ಕೆಳಗೆ, ಆಮೇಲೆ ಒಳಗೆ ನೋಡಿದರು. ಮುಖ ಅರಳಿತು.

"ನೋಡವ್ವ, ಒಂದ್ ತೊಟ್ಟಾದ್ರೂ ಕೆಳಕ್ಕೆ ಸೋರೈತಾ? ಅಂಗೆ ಮೆತ್ತಿವ್ನಿ!"

"ಪರ್ಫೆಕ್ಟ್ ಸೀಲ್ ಸಾರ್!" ಟೆಕ್ಕಿ ಬಾಲ್ಕನಿಯಿಂದಲೇ ಅಭಿನಂದಿಸಿದರು.

ಹತ್ತು ಗಂಟೆಗೆ ತಪಾಸಣೆ. ಸ್ಕ್ರೂಡ್ರೈವರ್, ಸುತ್ತಿಗೆ ತಂದೆ. ಪುಟ್ಟಿ ಕಲ್ಲಾಗಿತ್ತು, ಅವರ ಜೀವನದ ಅತ್ಯುತ್ತಮ ಕೆಲಸ ಅದೇ ಇರಬೇಕು. ಮೂರು ತೂತು ಬಿಟ್ಟುಕೊಂಡವು, ನಾಲ್ಕನೆಯದು ಜಗ್ಗಲಿಲ್ಲ. ನೀರು ಮಾಲೀಕರ ಹೊಸ ಚಪ್ಪಲಿಯ ಮೇಲೆ ಹರಿಯಿತು. ಪಕ್ಕಕ್ಕೆ ಸರಿಯಿರಿ ಎಂದು ನಾನು ಹೇಳಬಹುದಿತ್ತು.

ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರ್ ಲೈಟು, ಬ್ರೇಕು ನೋಡಿ ಕೆಳಗೆ ಬಗ್ಗಿದರು.

"ಮೇಡಂ, ಗಾಡಿ ಸೋರ್ತಾ ಇದೆ."

"ಸೋರ್ಬೇಕು ಸಾರ್. ಅವು ನೀರು ಹೋಗೋಕೆ ಇರೋ ತೂತು."

"ಆಯಿಲ್ ಅಲ್ವಾ?"

"ಅಲ್ಲ. ನೀರು. ಹೋಗೋಕೆ ಇರೋ ತೂತು. ಮುಟ್ಟಿ ನೋಡಿ."

ನಾನು ಒಂದೇ ಮಾತನ್ನು ಎರಡು ಸಲ ಹೇಳುವವಳಲ್ಲ, ಅವತ್ತು ಹೇಳಿದೆ. ಅವರು ಮುಟ್ಟಿದರು, ಮೂಸಿದರು, ತಳವನ್ನು ಗುದ್ದಿ ನೋಡಿದರು. ಗಟ್ಟಿಯಾಗಿತ್ತು. ಬಾನೆಟ್ಟಿನ ಮೇಲಿನ ಬೆರಳಚ್ಚು ಯಾರದು ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಹಿ ಹಾಕಿದರು.

ಮನೆಗೆ ಬಂದು ಜೀಪನ್ನು ಅದೇ ಜಾಗದಲ್ಲಿ ನಿಲ್ಲಿಸಿದೆ. ನಾಲ್ಕನೆಯ ತೂತನ್ನೂ ಬಿಡಿಸಿ, ನಾಲ್ಕರ ಸುತ್ತಲೂ ಬಿಳಿ ಬಣ್ಣದಲ್ಲಿ ವೃತ್ತ ಎಳೆದು 'ಮುಚ್ಚಬೇಡಿ' ಎಂದು ಬರೆದೆ. ಮೂರನೇ ಮಹಡಿಯವರಿಗಾಗಿ ಇಂಗ್ಲಿಷಿನಲ್ಲೂ ಬರೆದೆ.