ಬೆನ್ನಿನೊಳಗಿನ ಮೆಷಿನ್

"ನೋವಾದರೆ ಆ ರಿಮೋಟ್ ಒತ್ತಿಕೊಳ್ಳಿ ಅತ್ತಿಗೆ. ಮೆಟ್ಟುಕತ್ತಿಯಲ್ಲಿ ಕೂರಲಿಕ್ಕೆ ನಿಮಗೆ ಎಂತ ತೊಂದರೆ?" ಎನ್ನುತ್ತ ನಾದಿನಿ ನಾನು ಕೂರಬೇಕಿದ್ದ ಕುರ್ಚಿಯನ್ನು ಎತ್ತಿಕೊಂಡಳು. ಮುಳ್ಳೇರಿಯದಲ್ಲಿ ಅವಳ ಹೊಸ ಮನೆಯ ಗೃಹಪ್ರವೇಶದ ಮುನ್ನಾದಿನ, ಹೆಂಗಸರೆಲ್ಲ ನೆಲದಲ್ಲಿ ಈಳಿಗೆಮಣೆಯಂಥ ಮೆಟ್ಟುಕತ್ತಿಗಳನ್ನು ಮೆಟ್ಟಿ ಕುಳಿತು ಮರುದಿನದ ಊಟಕ್ಕೆ ತರಕಾರಿ ಹೆಚ್ಚುತ್ತಿದ್ದರು. ವರ್ಷಗಟ್ಟಲೆಯ ಬೆನ್ನುನೋವಿಗೆಂದು, ಸಣ್ಣಗೆ ಕರೆಂಟು ಹರಿಸುವ ಯಂತ್ರವೊಂದನ್ನು ನನ್ನ ಸೊಂಟದ ಚರ್ಮದಡಿ ಇಟ್ಟು ಒಂದೂವರೆ ತಿಂಗಳಾಗಿತ್ತಷ್ಟೆ.

"ಬಗ್ಗಬಾರದು ಅಂತ ಡಾಕ್ಟರು ಹೇಳಿದ್ದಾರೆ" ಎಂದೆ.

"ಮತ್ತೆ ಆ ಮೆಷಿನ್ ಇಟ್ಟದ್ದು ಎಂತಕ್ಕೆ?"

ಗಂಡ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು ಹೊರಗೆ ಹೋದರು. ನಾನು ರಿಮೋಟಿನ ಗುಂಡಿ ಒತ್ತಿ ಕುಂಬಳಕಾಯಿಯ ಮುಂದೆ ಕುಳಿತೆ.

ಆ ಯಂತ್ರ ನನ್ನ ನೋವನ್ನು ಅರ್ಧಕ್ಕೆ ಇಳಿಸಿದೆ, ಸುಳ್ಳು ಹೇಳುವುದಿಲ್ಲ. "ನನ್ನಿಂದಾಗದು" ಎನ್ನುವ ಹಕ್ಕನ್ನು ಮಾತ್ರ ಪೂರ್ತಿ ಕಿತ್ತುಕೊಂಡಿದೆ.