ಇನ್ನೊಂದು ಸಲ ಕೇಳಿ ನೋಡಿ

ಮ್ಯಾಂಚೆಸ್ಟರಿಗೆ ಬಂದ ಹೊಸತರಲ್ಲಿ ನಾನು ಟೀ ಇಲ್ಲದೆ ಒಣಗಿಹೋದೆ. ಟೀಗೇನೂ ಕೊರತೆಯಿರಲಿಲ್ಲ. ನಮ್ಮ ಲ್ಯಾಬಿನ ಪಕ್ಕದ ಪುಟ್ಟ ಅಡುಗೆಕೋಣೆಯಲ್ಲಿ ಕೆಟಲ್ ಇಡೀ ದಿನ ಕುದಿಯುತ್ತಲೇ ಇರುತ್ತಿತ್ತು. ಟೀ ಕುಡಿಯಬೇಕೆನಿಸಿದವರು ಎದ್ದು, ಅಲ್ಲಿರುವ ಎಲ್ಲರನ್ನೂ ಕೇಳಿ, ಬೇಕೆಂದವರಿಗೆಲ್ಲ ಮಾಡಿಕೊಂಡು ಬರುವುದು ಇಲ್ಲಿನ ಪದ್ಧತಿ. ಎದುರು ಮೇಜಿನ ಟಾಮ್ ಮೊದಲ ದಿನವೇ ನನ್ನನ್ನು ಕೇಳಿದ. ದಾವಣಗೆರೆಯಲ್ಲಿ ಒಳ್ಳೆಯ ಹುಡುಗಿಯಾಗಿ ಬೆಳೆದವಳು ನಾನು. “ನೋ, ನೋ, ಐ ಆಮ್ ಫೈನ್” ಎಂದೆ. “ರೈಟ್” ಎಂದು ಅವನು ಹೋದ. ಎರಡನೇ ಸಲ ಕೇಳುತ್ತಾನೆಂದು ಕಾದೆ. ಅವನು ತನ್ನ ಮಗ್ಗು ಹಿಡಿದು ಬಂದು ಕೂತ. ಹಬೆ ನನ್ನ ಕಡೆಗೇ ಬರುತ್ತಿತ್ತು.

ನಾನು ಇಂಗ್ಲಿಷ್ ಬಾರದವಳಲ್ಲ. ವೀಸಾಕ್ಕೆ ಬೇಕಾದ ಪರೀಕ್ಷೆಯಲ್ಲಿ ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬರುವಷ್ಟು ಅಂಕ ತೆಗೆದವಳು. ಆದರೆ ಬೇಕಾದದ್ದನ್ನು ಬೇಕು ಎನ್ನುವುದು ಹೇಗೆಂದು ಆ ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ.

ನಮ್ಮ ಮೊದಲ ‘ಬೇಡ’ವನ್ನು ಸ್ವಲ್ಪ ಗಮನಿಸಿ. ಅದು ನಿರಾಕರಣೆಯಲ್ಲ, ಚಪ್ಪಲಿ ಹೊರಗೆ ಬಿಟ್ಟು ಬರುವಂಥ ಒಂದು ಮರ್ಯಾದೆ. ಎರಡನೇ ‘ಬೇಡ’ದಲ್ಲಿ ದನಿ ತಗ್ಗುತ್ತದೆ. ಮೂರನೆಯದಕ್ಕೆ “ಸ್ವಲ್ಪವೇ ಹಾಕಿ” ಎಂಬ ಬಾಲ ಅಂಟಿಕೊಂಡಿರುತ್ತದೆ. ಮದುವೆಯ ಪಂಕ್ತಿಯಲ್ಲಿ, ಎಲೆಗೆ ಅಡ್ಡ ಹಿಡಿದ ಕೈಯ ಬೆರಳಸಂದಿಯಿಂದಲೇ ಪಾಯಸ ಇಳಿಸಿದವನನ್ನು ಬಡಿಸುವುದರಲ್ಲಿ ನಿಪುಣನೆಂದು ಹೊಗಳುತ್ತೇವೆ. ನಿಜವಾಗಿ ಬೇಡವಾದವರು ಎಲೆಯ ಮೇಲೆ ಇಡೀ ಮೈಯನ್ನೇ ಬಗ್ಗಿಸಬೇಕು. ಇಂಥ ಸೀಮೆಯಿಂದ ಬಂದವಳ ಒಂದು ‘ನೋ’ವನ್ನು ಇಲ್ಲಿನವರು ಕೋರ್ಟಿನ ತೀರ್ಪಿನಂತೆ ಗೌರವಿಸಿಬಿಟ್ಟರೆ ಏನು ಮಾಡುವುದು?

ಟೀ ಹೋದರೆ ಹೋಗಲಿ. ಫೆಬ್ರವರಿಯ ಒಂದು ಬೆಳಿಗ್ಗೆ ನನ್ನ ಸಂಶೋಧನೆಯ ಗೈಡ್ ಹೆಲೆನ್ (ಹೆಸರು ಹಿಡಿದು ಕರೆಯುವುದಕ್ಕೆ ನಾಲಿಗೆ ಒಪ್ಪಲು ನನಗೆ ಒಂದು ಚಳಿಗಾಲವೇ ಬೇಕಾಯಿತು) ಕರೆದು ಕೂರಿಸಿಕೊಂಡರು. ಲೀಡ್ಸ್‌ನಲ್ಲಿ ನೀರಿನ ಸಂಶೋಧಕರ ಸಭೆಯಿದೆ, ನಮ್ಮ ಗುಂಪಿನಿಂದ ಒಬ್ಬರು ಮಾತಾಡಬೇಕು, ನೀನು ಮಾತಾಡುತ್ತೀಯಾ ಎಂದರು. ನಾನು ಮಾಡುತ್ತಿರುವುದು ನೀರಿನಿಂದ ಫ್ಲೋರೈಡ್ ತೆಗೆಯುವ ಫಿಲ್ಟರ್. ಜಗಳೂರಿನ ಕಡೆ ನಮ್ಮ ಅಜ್ಜಿಯ ಹಲ್ಲುಗಳನ್ನು ಕಂದಾಗಿಸಿದ್ದು ಬೋರ್‌ವೆಲ್‌ನ ಆ ಫ್ಲೋರೈಡೇ. ಆ ನೀರಿನ ಬಗ್ಗೆ ತಿಳಿದವರೆದುರು ನಿಂತು ಮಾತಾಡುವುದಕ್ಕಿಂತ ದೊಡ್ಡ ಆಸೆ ನನಗೆ ಇರಲಿಲ್ಲ. ಬಾಯಿ ಮಾತ್ರ ತನ್ನಷ್ಟಕ್ಕೆ ತಾನೇ ತೆರೆದುಕೊಂಡು, “ಅಯ್ಯೋ ನಾನೇಕೆ, ಸೀನಿಯರ್‌ಗಳಿದ್ದಾರಲ್ಲ” ಎಂದುಬಿಟ್ಟಿತು.

“ಖಂಡಿತ, ಒತ್ತಾಯವಿಲ್ಲ” ಎಂದರು ಹೆಲೆನ್, ತುಂಬ ಪ್ರೀತಿಯಿಂದ. ಒತ್ತಾಯ ಮಾಡಿ ತಾಯೀ ಎಂದು ಮನಸ್ಸು ಕೂಗಿತು. ಅವರು ಟಾಮ್‌ನನ್ನು ಕರೆಯಲು ಎದ್ದರು.

ಹೊರಗೆ ಬಂದು ಮೆಟ್ಟಿಲ ಕಂಬಿ ಹಿಡಿದು ನಿಂತೆ. ಕೆಳಗೆ ಯಾರೋ ಸೈಕಲ್ಲಿನ ಬೀಗ ತೆಗೆಯುತ್ತಿದ್ದ ಸದ್ದು ನೆನಪಿದೆ. ನನ್ನಿಂದ ಯಾರೂ ಏನನ್ನೂ ಕಸಿದುಕೊಂಡಿರಲಿಲ್ಲ. ತಟ್ಟೆಯನ್ನು ನಾನೇ ಹಿಂದಕ್ಕೆ ಸರಿಸಿದ್ದೆ.

ಫಾಲೋಫೀಲ್ಡ್ ಬಡಾವಣೆಯ ಮನೆಯಲ್ಲಿ ನನ್ನ ಜೊತೆಗಿರುವವಳು ಹುಬ್ಬಳ್ಳಿಯ ಶಬಾನಾ. ಬೇರೆಯವರೆದುರು ಬೆಂಗಳೂರು ಕನ್ನಡ ಆಡುತ್ತಾಳೆ, ನನ್ನನ್ನು ಬಯ್ಯುವಾಗ ಮಾತ್ರ ಊರಿನದು. ಕಥೆ ಕೇಳಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು.

“ಏ ಹುಚ್ಚಿ, ನಿನಗ ಹೋಗೂದು ಐತೋ ಇಲ್ಲೋ?”

“ಐತೆ ಕಣೇ.”

“ಮತ್ತ ಅದನ್ನ ನನಗ್ಯಾಕ ಹೇಳ್ತಿ? ನಾ ಏನ್ ನಿನ್ನ ಗೈಡ್ ಏನು? ನಾಳೆ ಹೋಗಿ ಅಕೀಗ ಹೇಳು.”

“ಒಂದ್ಸಲ ಬೇಡ ಅಂದು, ಮತ್ತೆ ಬೇಕು ಅಂದ್ರೆ ಏನಂದ್ಕೋತಾರೆ?”

“ಹಸದೀ ಅಂತ ಅನ್ಕೋತಾರ. ಖರೇನ ಹಸದಿದ್ದೀಯಲ್ಲ!”

ಮರುದಿನ ಬಸ್ಸಿನಲ್ಲಿ ವಿಲ್ಮ್‌ಸ್ಲೋ ರಸ್ತೆಯುದ್ದಕ್ಕೂ ಒಂದೇ ವಾಕ್ಯವನ್ನು ಉರುಹಚ್ಚಿದೆ. ಪಕ್ಕದ ಅಜ್ಜಿ ಪ್ರಾರ್ಥನೆಯೆಂದುಕೊಂಡಿರಬೇಕು, ಬ್ಯಾಗು ಸರಿಸಿ ಜಾಗ ಬಿಟ್ಟುಕೊಟ್ಟರು. ಹೆಲೆನ್ ಎದುರು ನಿಂತು ಹೇಳಿಯೇಬಿಟ್ಟೆ: “ನಿನ್ನೆ ಬೇಡ ಅಂದೆ. ನನಗೆ ಬೇಕು. ತುಂಬ ಬೇಕು.”

“ಹಾಗಾದರೆ ಬೇಡ ಅಂದಿದ್ದು ಯಾಕೆ?”

“ನಮ್ಮೂರಿನಲ್ಲಿ ನೀವು ಇನ್ನೊಂದು ಸಲ ಕೇಳಬೇಕಿತ್ತು.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು. ಆದರೆ ಟಾಮ್‌ಗೆ ಹೇಳಿಯಾಗಿದೆ, ಅವನು ಒಪ್ಪಿದರೆ ಮಾತ್ರ ನಿನಗೆ ಎಂದರು.

ಅವನ ಮೇಜಿನವರೆಗಿನ ದಾರಿ ನನಗೆ ದಾವಣಗೆರೆಯಷ್ಟು ದೂರ ಕಂಡಿತು. ವಿಷಯ ಹೇಳಿದೆ. ಟಾಮ್ ಕುರ್ಚಿಗೆ ಒರಗಿ, ಪರೀಕ್ಷೆ ಮುಂದೆ ಹೋದ ಹುಡುಗನಂತೆ ಉಸಿರು ಬಿಟ್ಟ. “ದೇವರು ದೊಡ್ಡವನು! ಜನರೆದುರು ನಿಂತರೆ ನನ್ನ ಕಾಲೇ ನಿಲ್ಲುವುದಿಲ್ಲ. ಅವರು ಕೇಳಿದಾಗ ‘ಐ ಡೋಂಟ್ ಮೈಂಡ್’ ಅಂದಿದ್ದೆ. ಅಂದರೆ ಬೇಡ ಅಂತ. ಅವರು ಹೂಂ ಅಂದುಕೊಂಡರು.”

ಓಹೋ, ಈ ಕಾಯಿಲೆ ಇವರಿಗೂ ಉಂಟು!

ಲೀಡ್ಸ್‌ನಲ್ಲಿ ಮೊದಲ ಚಿತ್ರ ತೋರಿಸುವವರೆಗೆ ಬರೆದುಕೊಂಡ ಹಾಳೆಯನ್ನೇ ನೋಡಿ ಓದಿದೆ. ಆಮೇಲೆ ಬೋರ್‌ವೆಲ್, ಅಜ್ಜಿ, ಫಿಲ್ಟರ್ ಎಲ್ಲ ತಾವಾಗಿಯೇ ಬಾಯಿಗೆ ಬಂದವು. ಪ್ರಶ್ನೆಗಳು ನಿಲ್ಲಲೇ ಇಲ್ಲ. ವಾಪಸು ಬರುವ ರೈಲಿನಲ್ಲಿ ಕೂರಲಾಗದೆ ಬಾಗಿಲ ಬಳಿಯೇ ನಿಂತು, ಪೆನೈನ್ ಬೆಟ್ಟಗಳಿಗೆಲ್ಲ ನಗುತ್ತಾ ಬಂದೆ.

ಮರುದಿನ ಟೀ ಮಾಡಲು ನಾನೇ ಎದ್ದೆ. ಟಾಮ್‌ನನ್ನು ಕೇಳಿದೆ. ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯದೆ “ನೋ, ಯು ಆರ್ ಆಲ್‌ರೈಟ್” ಎಂದು ಇಲ್ಲಿನವರ ರೀತಿಯಲ್ಲಿ ಬೇಡವೆಂದ. ಹೊರಟವಳು ಬಾಗಿಲಲ್ಲಿ ತಿರುಗಿ, ಪಂಕ್ತಿಯಲ್ಲಿ ಬಡಿಸುವ ನಮ್ಮ ಸೋದರಮಾವನ ದನಿಯಲ್ಲಿ, “ನಿಜವಾಗಿಯೂ ಬೇಡವಾ?” ಎಂದೆ.

ಟಾಮ್ ತಲೆಯೆತ್ತಿದ. ಮುಖ ಸ್ವಲ್ಪ ಕೆಂಪಾಯಿತು.

“ಗೋ ಆನ್ ದೆನ್” ಎಂದು ಖಾಲಿ ಮಗ್ಗನ್ನು ನನ್ನತ್ತ ಚಾಚಿದ. ಪಾಪ, ಎಷ್ಟು ದಿನದಿಂದ ಬಾಯಾರಿದ್ದನೋ.