ಮೀನು ಹಾಕದ ಕಾರು

ಆಗ ನನಗೆ ಮೂವತ್ತೆಂಟು ವರ್ಷ. ನಲವತ್ತು ವರ್ಷ ಹಿಂದಿನ ಮಾತು. ಕಾಪುವಿನಲ್ಲಿ ನನ್ನ ಗಂಡ ಹಳೇ ಅಂಬಾಸಿಡರ್ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರು. ದಿನಾ ಬೆಳಿಗ್ಗೆ ನಾವು ನಾಲ್ಕು ಹೆಂಗಸರು ಮಲ್ಪೆಯಲ್ಲಿ ಮೀನು ಕೊಂಡು, ಬುಟ್ಟಿಗಳನ್ನು ಡಿಕ್ಕಿಗೆ ತುಂಬಿ, ಅದರಲ್ಲೇ ಕಾರ್ಕಳದ ಮಾರ್ಕೆಟಿಗೆ ಹೋಗುತ್ತಿದ್ದೆವು. ನಾಲ್ವರೂ ಹಿಂದೆಯೇ ಕೂರಬೇಕು. ಮುಂದಿನ ಸೀಟಿಗೂ ವಾಸನೆ ಹಿಡಿದರೆ ಮದುವೆ ಬಾಡಿಗೆ ಸಿಗುವುದಿಲ್ಲ ಎಂದು ಅವರ ವಾದ. ಹೇಗೂ ಸಿಗುತ್ತಿರಲಿಲ್ಲ.

ಒಂದು ಸಂಜೆ ಗಂಡ ಉಡುಪಿಯಿಂದ ಹೊಸ ಬಿಳಿ ಕಾರನ್ನು ನನಗೆ ತೋರಿಸಲಿಕ್ಕೆಂದು ತಂದರು. ನಾನು ಮುಂದೆ ಕುಳಿತೆ. ಮೀನಿನ ವಾಸನೆಯೇ ಇಲ್ಲ. ಹೀಗೇ ಕುಳಿತು ಎಲ್ಲಿಗಾದರೂ ಹೋಗಬೇಕು ಎಂದು ಆಸೆಯಾಯಿತು.

"ತೆಗೊಳ್ಳುವನಾ ಮಾರಾಯ್ತಿ?"

"ಬುಟ್ಟಿ ಎಲ್ಲಿ ಇಡುವುದು?"

"ಇದರಲ್ಲಿ ಮೀನಾ? ನೀವೆಲ್ಲ ಬಸ್ಸಿಗೆ ಹೋಗಿ."

"ಬಸ್ಸಿನವರು ಬುಟ್ಟಿ ಹತ್ತಿಸಲಿಕ್ಕೆ ಬಿಡ್ತಾರಾ?"

ಅವರು ನನ್ನ ಕಾಲು ನೋಡಿ, "ನೀನು ಕಾಲು ತೊಳೆದು ಕೂತದ್ದಾ?" ಎಂದು ಕೇಳಿದರು.

ನಾನು ಇಳಿದೆ. "ಹಳತೇ ಇರಲಿ" ಎಂದೆ. ಹೊಸ ಕಾರು ವಾಪಸು ಹೋಯಿತು. ಆ ಸೀಟಿನ ಆಸೆ ಇವತ್ತಿಗೂ ಹೋಗಿಲ್ಲ.

ಮರುದಿನ ಬೆಳಿಗ್ಗೆ ಮಲ್ಪೆಯಲ್ಲಿ ಬುಟ್ಟಿಯನ್ನು ಡಿಕ್ಕಿಗೆ ಹಾಕಿ, ಕಾಲನ್ನೂ ತೊಳೆಯದೆ, ಅಂಬಾಸಿಡರಿನ ಮುಂದಿನ ಸೀಟಿನಲ್ಲಿ ಕುಳಿತು ಕಾರ್ಕಳಕ್ಕೆ ಹೋದೆ.